ಕಲ್ಲಿನ ಏರಿಯ ಹಿಂದೆ ಎರಡು ಗಂಟೆ: ಒಮಾಹಾ ಬೀಚ್, 6 ಜೂನ್ 1944

ಫ್ರಾನ್ಸಿನ ನಾರ್ಮಂಡಿ ಕರಾವಳಿಯ ಒಮಾಹಾ ಬೀಚಿನಲ್ಲಿ, ಮರಳು ಮುಗಿಯುವ ಕಡೆ, 1944ರಲ್ಲಿ ಒಂದು ಕಲ್ಲಿನ ಏರಿ ಇತ್ತು. ಸಮುದ್ರವೇ ತಂದು ಒಟ್ಟಿದ ನುಣುಪಾದ ಉರುಟುಕಲ್ಲುಗಳು. ಕೆಲವು ಕಡೆ ಅದು ಆಳೆತ್ತರ, ಕೆಲವು ಕಡೆ ಮಲಗಿದವನನ್ನು ಮರೆಮಾಡುವಷ್ಟು ಮಾತ್ರ. ಜೂನ್ 6ರ ಬೆಳಿಗ್ಗೆ ಸುಮಾರು ಏಳರಿಂದ ಒಂಬತ್ತರವರೆಗೆ ಸಾವಿರಾರು ಅಮೆರಿಕನ್ ಸೈನಿಕರು ಅದರ ಮರೆಯಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಮಲಗಿದ್ದರು. ಬೆನ್ನ ಹಿಂದೆ ಸಮುದ್ರ ಏರುತ್ತಿತ್ತು. ಮುಂದೆ ಮುಳ್ಳುತಂತಿ, ಅದರಾಚೆ ಮೈನ್ ಎಂಬ ನೆಲಬಾಂಬುಗಳನ್ನು ಹೂತಿಟ್ಟ ಬಯಲು, ಅದರ ಮೇಲೆ ಜರ್ಮನ್ ಮೆಷಿನ್ ಗನ್ ಇದ್ದ ಗುಡ್ಡ.

ಡಿ-ಡೇ ಎಂದರೆ ಎರಡನೇ ಮಹಾಯುದ್ಧದಲ್ಲಿ, ಜರ್ಮನರ ವಶದಲ್ಲಿದ್ದ ಫ್ರಾನ್ಸಿಗೆ ಅಮೆರಿಕ, ಬ್ರಿಟನ್ ಮೊದಲಾದ ಮಿತ್ರದೇಶಗಳ ಸೇನೆ ಕಡಲಿನಿಂದ ಇಳಿದ ದಿನ. ಅದರ ಪೂರ್ತಿ ಕಥೆ ಇಲ್ಲಿ ಹೇಳುತ್ತಿಲ್ಲ. ಅಂದು ಮಿತ್ರಪಡೆಗಳು ಐದು ಕಡಲತೀರಗಳಲ್ಲಿ ಇಳಿದವು. ಅದರಲ್ಲಿ ಒಂದನ್ನು, ಅದರಲ್ಲೂ ಕೆಲವೇ ಗಂಟೆಗಳನ್ನು ಮಾತ್ರ ನೋಡುತ್ತಿದ್ದೇನೆ. ನನ್ನನ್ನು ಕಾಡುವ ಪ್ರಶ್ನೆ ಇದು: ಆ ಏರಿಯ ಹಿಂದೆ ಮಲಗಿದ್ದವರು ಎದ್ದದ್ದು ಹೇಗೆ? ಮೊದಲು ಎದ್ದವರು ಯಾರು? ಅಲ್ಲೇ ಯಾಕೆ ಎದ್ದರು, ಪಕ್ಕದಲ್ಲಿ ಯಾಕೆ ಆಗಲಿಲ್ಲ? ಉತ್ತರ ಹುಡುಕುತ್ತಾ ಹೋದರೆ ನಮ್ಮ ಬೆಂಗಳೂರಿನ ಹೆಸರೂ ಎದುರಾಗುತ್ತದೆ.

ಆ ನೆಲ

ಒಮಾಹಾ ಸುಮಾರು 8 ಕಿಲೋಮೀಟರ್ ಉದ್ದ. ಪಶ್ಚಿಮಕ್ಕೆ ವಿಯರ್ವಿಲ್, ಪೂರ್ವಕ್ಕೆ ಕೋಲ್ವಿಲ್ ಎಂಬ ಹಳ್ಳಿಗಳು. ದಡ ಕುಡುಗೋಲಿನ ಹಾಗೆ ಸ್ವಲ್ಪ ಒಳಕ್ಕೆ ಬಾಗಿದೆ. ಹಾಗಾಗಿ ಎರಡೂ ತುದಿಯಲ್ಲಿ ಕೂತವನಿಗೆ ಇಡೀ ಬೀಚು ಅಂಗೈಯಲ್ಲಿದ್ದಂತೆ ಕಾಣುತ್ತದೆ. ಇಳಿತದಲ್ಲಿ ಸುಮಾರು 300 ಮೀಟರ್ ಅಗಲದ ಬರೀ ಮರಳು ತೆರೆದುಕೊಳ್ಳುತ್ತದೆ. ಭರತ ಬಂದರೆ ಅದೆಲ್ಲ ಮಾಯ. ನೀರು ಗಂಟೆಗೆ ಒಂದು ಮೀಟರಿಗಿಂತ ಜಾಸ್ತಿ ಏರುತ್ತದೆ.

ಮರಳಿನ ಮೇಲೆ ಕಲ್ಲಿನ ಏರಿ, ಆಮೇಲೆ ಕಿರಿದಾದ ಜೌಗು ಬಯಲು, ಆಮೇಲೆ 30ರಿಂದ 50 ಮೀಟರ್ ಎತ್ತರದ ಹುಲ್ಲುಗುಡ್ಡ. ಆ ಗುಡ್ಡವನ್ನು ಐದು ಕಡೆ ಕೊರಕಲುಗಳು ಸೀಳಿವೆ. ಟ್ಯಾಂಕು, ಟ್ರಕ್ಕು ಮೇಲೆ ಹೋಗಬೇಕೆಂದರೆ ಈ ಐದೇ ಬಾಗಿಲು. ಡಾಂಬರು ರಸ್ತೆ ಇದ್ದದ್ದು ವಿಯರ್ವಿಲ್ ಕೊರಕಲಿನಲ್ಲಿ ಮಾತ್ರ.

ಜರ್ಮನರಿಗೂ ಇದು ಚೆನ್ನಾಗಿ ಗೊತ್ತಿತ್ತು. ಹದಿನಾಲ್ಕರಷ್ಟು ಕಾವಲು ಕೋಟೆಗಳನ್ನು ಅವರು ಹೆಚ್ಚಾಗಿ ಕೊರಕಲುಗಳ ಬಾಯಲ್ಲೇ ಕಟ್ಟಿದರು. ಒಂದು ಜಾಣತನವನ್ನು ಇಲ್ಲಿ ಗಮನಿಸಬೇಕು. ದೊಡ್ಡ ಫಿರಂಗಿಗಳನ್ನು ಅವರು ಸಮುದ್ರಕ್ಕೆ ಎದುರಾಗಿ ಇಡಲಿಲ್ಲ, ದಡದ ಉದ್ದಕ್ಕೂ ಹೊಡೆಯುವಂತೆ ಅಡ್ಡಲಾಗಿ ಇಟ್ಟರು. ಸಮುದ್ರದ ಕಡೆಗೆ ದಪ್ಪ ಕಾಂಕ್ರೀಟ್ ಗೋಡೆ. ಹಡಗಿನಿಂದ ನೋಡಿದರೆ ಫಿರಂಗಿಯ ಬಾಯಿ ಕಾಣುವುದೇ ಇಲ್ಲ. ಆದರೆ ಮರಳಿನ ಮೇಲೆ ಓಡುವವನಿಗೆ ಪಕ್ಕೆಯಿಂದ ಗುಂಡು ಬಂದು ಬಡಿಯುತ್ತದೆ.

ನೀರಿನಲ್ಲೂ ಅಡೆತಡೆಗಳಿದ್ದವು. ಮರದ ದಿಮ್ಮಿಗಳನ್ನು ಓರೆಯಾಗಿ ನೆಟ್ಟು ತುದಿಗೆ ಮೈನ್ ಕಟ್ಟಿದ್ದರು. ಕಬ್ಬಿಣದ ಗೇಟುಗಳನ್ನು ನಿಲ್ಲಿಸಿದ್ದರು. ಹಳಿಗಳನ್ನು ಮುಳ್ಳಿನಂತೆ ಬೆಸೆದು ಚೆಲ್ಲಿದ್ದರು. ಭರತದಲ್ಲಿ ಬಂದರೆ ಇವು ನೀರಿನಡಿ ಅಡಗಿ ದೋಣಿಯ ಹೊಟ್ಟೆ ಸೀಳುತ್ತವೆ. ಇಳಿತದಲ್ಲಿ ಬಂದರೆ ಇವು ಕಣ್ಣಿಗೆ ಕಾಣುತ್ತವೆ, ಆದರೆ 300 ಮೀಟರ್ ಬಯಲಲ್ಲಿ ಓಡಬೇಕು. ಅಮೆರಿಕನ್ನರು ಎರಡನೆಯದನ್ನು ಆರಿಸಿಕೊಂಡರು. ಇಳಿತ ಮುಗಿದು ಸ್ವಲ್ಪ ಹೊತ್ತಾದ ಮೇಲೆ, ಬೆಳಿಗ್ಗೆ 6:30ಕ್ಕೆ ಮೊದಲ ಅಲೆ ಇಳಿಯಬೇಕೆಂದು ನಿಶ್ಚಯವಾಯಿತು.

ಕಾಗದದ ಮೇಲೆ

ಯೋಜನೆ ಸರಳವಾಗಿತ್ತು. ವಿಮಾನಗಳು ಗುಡ್ಡವನ್ನು ಉತ್ತುಹಾಕುತ್ತವೆ. ಟೆಕ್ಸಾಸ್, ಅರ್ಕಾನ್ಸಾ ಮುಂತಾದ ಯುದ್ಧನೌಕೆಗಳು 40 ನಿಮಿಷದಷ್ಟು ಹೊತ್ತು ಗುಂಡು ಸುರಿಸುತ್ತವೆ. ತೇಲುವ ಟ್ಯಾಂಕುಗಳು ಮುಂಚೆ ದಡ ಸೇರುತ್ತವೆ. ಕಾಲಾಳುಗಳು ಇಳಿದು ನೇರವಾಗಿ ಕೊರಕಲುಗಳಿಗೆ ನುಗ್ಗುತ್ತಾರೆ. ಪಶ್ಚಿಮದ ಅರ್ಧ 29ನೇ ಡಿವಿಷನ್ನಿನ 116ನೇ ರೆಜಿಮೆಂಟಿಗೆ, ಪೂರ್ವದ ಅರ್ಧ 1ನೇ ಡಿವಿಷನ್ನಿನ 16ನೇ ರೆಜಿಮೆಂಟಿಗೆ. (ಡಿವಿಷನ್ ದೊಡ್ಡ ಪಡೆ; ಅದರೊಳಗೆ ರೆಜಿಮೆಂಟ್, ಬೆಟಾಲಿಯನ್, ಕಂಪನಿ ಎಂದು ಕಿರಿದಾಗುತ್ತಾ ಹೋಗುತ್ತದೆ.)

ಒಂದೊಂದೂ ಕೈಕೊಟ್ಟಿತು. ಮುನ್ನೂರಕ್ಕೂ ಹೆಚ್ಚು ಬಿ-24 ವಿಮಾನಗಳು ಮೋಡದ ಮೇಲಿಂದ ಬಂದವು. ನಮ್ಮ ದೋಣಿಗಳ ಮೇಲೇ ಬಿದ್ದೀತು ಎಂದು ಬಾಂಬನ್ನು ಕೆಲವು ಸೆಕೆಂಡು ತಡವಾಗಿ ಬಿಟ್ಟರು. ಅಷ್ಟರಲ್ಲಿ ಬೀಚು ದಾಟಿಹೋಗಿತ್ತು. ಬಾಂಬುಗಳೆಲ್ಲ ಒಳನಾಡಿನ ಹೊಲಗಳಲ್ಲಿ ಬಿದ್ದವು. ರಾಕೆಟುಗಳು ಬಹುತೇಕ ನೀರಿಗೇ ಬಿದ್ದವು. 741ನೇ ಟ್ಯಾಂಕ್ ಬೆಟಾಲಿಯನ್ 29 ತೇಲುವ ಟ್ಯಾಂಕುಗಳನ್ನು ದಡದಿಂದ ಸುಮಾರು 5 ಕಿಲೋಮೀಟರ್ ದೂರದಲ್ಲೇ ನೀರಿಗೆ ಬಿಟ್ಟಿತು. ಅಲೆ ಜೋರಾಗಿತ್ತು. 27 ಮುಳುಗಿದವು. ಎದುರಿಗಿರುವುದು 716ನೇ ಡಿವಿಷನ್ನಿನ ಸಾಧಾರಣ ಪಡೆ ಎಂದು ಸೈನಿಕರಿಗೆ ಹೇಳಲಾಗಿತ್ತು. ನಿಜವಾಗಿ 352ನೇ ಡಿವಿಷನ್ ಮಾರ್ಚ್‌ನಿಂದಲೇ ಅಲ್ಲಿ ಬಂದು ಕೂತಿತ್ತು.

ನನ್ನ ಅಭಿಪ್ರಾಯದಲ್ಲಿ ಇದು ಬರೀ ದುರದೃಷ್ಟ ಅಲ್ಲ. ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ ಇಂಥ ದಾಳಿ ನಡೆಸಿ ಬಂದ ಜನರಲ್ ಚಾರ್ಲ್ಸ್ ಕಾರ್ಲೆಟ್ ಆಗ ಇಂಗ್ಲೆಂಡಿನಲ್ಲೇ ಇದ್ದರು. ಅವರ ಅನುಭವದ ಮಾತಿಗೆ ಯಾರೂ ಹೆಚ್ಚು ಬೆಲೆ ಕೊಡಲಿಲ್ಲ. ನಲವತ್ತು ನಿಮಿಷದ ಗುಂಡಿನ ಮಳೆ ಸಾಕು ಎಂದು ನಂಬಿದ್ದೇ ದೊಡ್ಡ ತಪ್ಪು.

ಒಬ್ಬರಿಗೆ ಮಾತ್ರ ಮುಂಚೆಯೇ ಅನುಮಾನ ಇತ್ತು. 29ನೇ ಡಿವಿಷನ್ನಿನ ಸಹಾಯಕ ಕಮಾಂಡರ್, ಬ್ರಿಗೇಡಿಯರ್ ಜನರಲ್ ನಾರ್ಮನ್ ಕೋಟಾ. ಕತ್ತಲಲ್ಲೇ ಇಳಿಯೋಣ ಎಂದು ಅವರು ವಾದಿಸಿದ್ದರು. ಅದು ನಡೆಯಲಿಲ್ಲ. ಹಿಂದಿನ ದಿನ ಹಡಗಿನಲ್ಲಿ ತಮ್ಮ ಅಧಿಕಾರಿಗಳನ್ನು ಕರೆದು ಅವರು ಎಚ್ಚರಿಸಿದರು. ದೋಣಿಗಳು ಹೊತ್ತಿಗೆ ಸರಿಯಾಗಿ ಹೋಗುವುದಿಲ್ಲ, ಜನರನ್ನು ತಪ್ಪು ಜಾಗದಲ್ಲಿ ಇಳಿಸುತ್ತಾರೆ, ಕೆಲವರು ಇಳಿಯುವುದೇ ಇಲ್ಲ. ಆಗ ತಲೆ ಕೆಡಿಸಿಕೊಳ್ಳದೆ ಅಲ್ಲಲ್ಲೇ ದಾರಿ ಹುಡುಕಿಕೊಳ್ಳಿ ಎಂದರು.

ದೋಣಿಯಿಂದ ಏರಿಯವರೆಗೆ

ಸಾಗಣೆ ಹಡಗುಗಳು ದಡದಿಂದ ಸುಮಾರು 18 ಕಿಲೋಮೀಟರ್ ದೂರದಲ್ಲಿ ನಿಂತಿದ್ದವು. ಕತ್ತಲಲ್ಲೇ ಸೈನಿಕರು ಚಪ್ಪಟೆ ತಳದ ಸಣ್ಣ ದೋಣಿಗಳಿಗೆ ಇಳಿದರು. ಒಂದೊಂದರಲ್ಲಿ ಮೂವತ್ತಕ್ಕೂ ಹೆಚ್ಚು ಜನ. ಮೂರು ಗಂಟೆ ಹೊತ್ತು ಅಲೆಯ ಮೇಲೆ ಕುಣಿದು, ತಣ್ಣೀರಲ್ಲಿ ನೆನೆದು, ಹೆಚ್ಚಿನವರು ವಾಂತಿ ಮಾಡಿಕೊಂಡು ನಿತ್ರಾಣರಾಗಿದ್ದರು. ಒಳಗೆ ತುಂಬಿದ ನೀರನ್ನು ತಲೆಯ ಹೆಲ್ಮೆಟ್ಟಿನಿಂದಲೇ ಮೊಗೆದು ಹಾಕುತ್ತಿದ್ದರು.

ಒಂದು ದೋಣಿ ಎಂದರೆ ಒಂದು ಪುಟ್ಟ ಸೇನೆ. ಇಂಗ್ಲೆಂಡಿನ ಡೆವನ್ ತೀರದಲ್ಲಿ ತಿಂಗಳುಗಟ್ಟಲೆ ಇದನ್ನೇ ಅಭ್ಯಾಸ ಮಾಡಿದ್ದರು. ಮುಂದೆ ರೈಫಲ್ ಹಿಡಿದವರು, ಆಮೇಲೆ ತಂತಿ ಕತ್ತರಿಸುವವರು, ಲಘು ಮೆಷಿನ್ ಗನ್ನಿನವರು, ಟ್ಯಾಂಕ್ ಒಡೆಯುವ ಬಜೂಕಾ, ಸಣ್ಣ ಮಾರ್ಟರ್, ಬೆಂಕಿ ಉಗುಳುವ ಯಂತ್ರ, ಕೊನೆಗೆ ಸ್ಫೋಟಕದ ತಂಡ. ಒಬ್ಬರು ಗುಂಡು ಹಾರಿಸುತ್ತಾ ಶತ್ರುವಿನ ತಲೆ ತಗ್ಗಿಸಬೇಕು. ಆ ಹೊತ್ತಿನಲ್ಲಿ ಇನ್ನೊಬ್ಬರು ತಂತಿ ಸೀಳಬೇಕು. ಮೂರನೆಯವರು ಕೋಟೆಯ ಕಿಂಡಿಗೆ ಸ್ಫೋಟಕ ತುರುಕಬೇಕು. ಒಳ್ಳೆಯ ಉಪಾಯವೇ. ಆದರೆ ಎಲ್ಲರೂ ಜೀವಂತವಾಗಿ, ಒಟ್ಟಿಗೆ, ಸಾಮಾನಿನ ಸಮೇತ ದಡ ಸೇರಿದರೆ ಮಾತ್ರ ಅದು ನಡೆಯುತ್ತದೆ.

ಹಾಗೆ ಆಗಲಿಲ್ಲ. ಹೊಗೆ ಕವಿದು ಗುರುತುಗಳು ಕಾಣಲಿಲ್ಲ. ಸೆಳೆತ ದೋಣಿಗಳನ್ನು ಪೂರ್ವಕ್ಕೆ ತಳ್ಳಿತು. ಅನೇಕ ದೋಣಿಗಳು ಮರಳದಿಬ್ಬಕ್ಕೆ ಸಿಕ್ಕಿ ದೂರದಲ್ಲೇ ನಿಂತವು. ಮುಂದಿನ ಬಾಗಿಲು ಬಿದ್ದ ಕ್ಷಣವೇ ಮೆಷಿನ್ ಗನ್ ಅದರ ಮೇಲೆ ತಿರುಗುತ್ತಿತ್ತು. ಇದನ್ನು ನೋಡಿದವರು ಬಾಗಿಲು ಬಿಟ್ಟು ಪಕ್ಕದಿಂದ ನೀರಿಗೆ ಹಾರಿದರು. ಬೆನ್ನ ಮೇಲೆ 27 ಕಿಲೋಗಿಂತ ಜಾಸ್ತಿ ಭಾರ. ಮರಳದಿಬ್ಬದ ಆಚೆ ನೀರು ಕೆಲವು ಕಡೆ ತಲೆ ಮುಳುಗುವಷ್ಟಿತ್ತು. ತೇಲುಪಟ್ಟಿಯನ್ನು ಸೊಂಟಕ್ಕೆ ಕಟ್ಟಿಕೊಂಡವರು ಭಾರಕ್ಕೆ ತಲೆಕೆಳಗಾಗಿ ಮುಳುಗಿದ್ದೂ ಇದೆ.

ಉಳಿದವರು ಆ ಮೈನ್ ಕಟ್ಟಿದ ಕಂಬಗಳ ಹಿಂದೆಯೇ ಅಡಗಿದರು. ಅದು ಅಪಾಯ ಎಂದು ಅವರಿಗೆ ಗೊತ್ತಿಲ್ಲದೆ ಅಲ್ಲ, ಆದರೆ ಬೇರೆ ಮರೆ ಎಲ್ಲಿತ್ತು? ಕೆಲವರು ಮೂಗು ಮಾತ್ರ ಮೇಲಿಟ್ಟು, ಏರುವ ನೀರಿನ ಜೊತೆಗೇ ಇಂಚಿಂಚು ಮುಂದೆ ಸರಿದು ಬಂದರು. ಸತ್ತವರಂತೆ ತೇಲಿದ್ದರಿಂದಲೇ ಬದುಕಿದವರು ಅವರು. ಗಾಯಗೊಂಡು ಮರಳ ಮೇಲೆ ಬಿದ್ದಿದ್ದವರಿಗೆ ಆ ನೀರೇ ಮೃತ್ಯುವಾಯಿತು. ಎಳೆದು ತರುವವರು ಇಲ್ಲದೆ ಅವರು ಮುಳುಗಿದರು.

ಅಡೆತಡೆ ತೆಗೆಯಲು ಬಂದ ಎಂಜಿನಿಯರುಗಳ ಪಾಡು ಇನ್ನೂ ಕಷ್ಟ. 16 ದಾರಿ ಬಿಡಿಸಬೇಕಿತ್ತು. ಐದಾರು ಮಾತ್ರ ಆದವು. ಕಂಬಕ್ಕೆ ಸ್ಫೋಟಕ ಕಟ್ಟಿ ಬತ್ತಿ ಹಚ್ಚಬೇಕು ಎನ್ನುವಾಗ ಆ ಕಂಬದ ಹಿಂದೆ ತಮ್ಮವರೇ ಅಡಗಿ ಕೂತಿರುತ್ತಿದ್ದರು. ಅವರಲ್ಲಿ ಹತ್ತಕ್ಕೆ ನಾಲ್ಕು ಜನ ಸತ್ತರು ಇಲ್ಲವೇ ಗಾಯಗೊಂಡರು.

ಜಾನ್ ಪಿಂಡರ್ ಎಂಬ ಒಬ್ಬರ ಹೆಸರು ಇಲ್ಲಿ ಹೇಳಲೇಬೇಕು. 16ನೇ ರೆಜಿಮೆಂಟಿನ ರೇಡಿಯೋ ತಂಡದವರು, ಯುದ್ಧಕ್ಕೆ ಮುಂಚೆ ಬೇಸ್‌ಬಾಲ್ ಆಟಗಾರ. ಅಂದು ಅವರ 32ನೇ ಹುಟ್ಟುಹಬ್ಬ. ದೋಣಿಯಿಂದ ಇಳಿಯುತ್ತಲೇ ಗುಂಡು ಬಿತ್ತು. ಆದರೂ ರೇಡಿಯೋ ಹೊತ್ತು ದಡಕ್ಕೆ ತಂದರು. ಮತ್ತೆ ನೀರಿಗೆ ಹೋಗಿ ಉಳಿದ ಸಾಮಾನು ಹುಡುಕಿ ತಂದರು. ಮತ್ತೆ ಹೋದರು. ಇನ್ನೊಮ್ಮೆ ಗುಂಡು ಬಿತ್ತು. ರೇಡಿಯೋ ಜೋಡಿಸಲು ಸಹಾಯ ಮಾಡುತ್ತಿರುವಾಗ ಮತ್ತೆ ಗುಂಡು ತಗಲಿ ಸತ್ತರು. ಅಷ್ಟೊಂದು ರೇಡಿಯೋಗಳು ನೀರುಪಾಲಾಗಿದ್ದ ಆ ಬೆಳಿಗ್ಗೆ, ಒಂದು ರೇಡಿಯೋ ಎಂದರೆ ಏನು ಎಂಬುದು ಅವರಿಗೆ ತಿಳಿದಿತ್ತು.

ಡಾಗ್ ಗ್ರೀನ್

ಪಶ್ಚಿಮ ತುದಿಯ ವಿಯರ್ವಿಲ್ ಕೊರಕಲಿನ ಮುಂದಿನ ಜಾಗಕ್ಕೆ ಡಾಗ್ ಗ್ರೀನ್ ಎಂದು ಹೆಸರು. ಇಲ್ಲಿ 116ನೇ ರೆಜಿಮೆಂಟಿನ ಎ ಕಂಪನಿ ಸರಿಯಾದ ಹೊತ್ತಿಗೆ, ಸರಿಯಾದ ಜಾಗದಲ್ಲೇ ಇಳಿಯಿತು. ನನಗೆ ತುಂಬ ನೋವು ಕೊಡುವ ಸಂಗತಿ ಇದು. ಅಂದು ಯೋಜನೆಯಂತೆ ಇಳಿದ ಕೆಲವೇ ಕಂಪನಿಗಳಲ್ಲಿ ಅದು ಒಂದು, ನಾಶವಾದದ್ದೂ ಅದೇ. ಕೊರಕಲಿನ ಬಾಯಲ್ಲಿ ಜರ್ಮನರ ಬಂದೂಕುಗಳೆಲ್ಲ ಅದಕ್ಕಾಗಿಯೇ ಕಾದಿದ್ದವು. ಹತ್ತು ನಿಮಿಷದೊಳಗೆ ಕಂಪನಿಗೆ ನಾಯಕರಿಲ್ಲ, ಹೋರಾಡುವ ಶಕ್ತಿಯೂ ಇಲ್ಲ ಎಂಬ ಸ್ಥಿತಿ. ಆ ಕಂಪನಿಯ ಹಲವರು ವರ್ಜೀನಿಯಾದ ಬೆಡ್‌ಫರ್ಡ್ ಎಂಬ ಒಂದೇ ಊರಿನವರು. ಸುಮಾರು 3,200 ಜನರ ಪುಟ್ಟ ಊರು. ಒಂದೇ ದಿನದಲ್ಲಿ ಆ ಊರಿನ ಇಪ್ಪತ್ತರಷ್ಟು ಹುಡುಗರು ಹೋದರು.

ಇವರಿಗೆ ಧೈರ್ಯ ಕಡಿಮೆ ಇತ್ತೇ? ಖಂಡಿತ ಇಲ್ಲ. ಮುಂದೆ ಹೇಳುವ ಗುಂಪುಗಳಿಗೂ ಇವರಿಗೂ ಇದ್ದ ವ್ಯತ್ಯಾಸ ಇಳಿದ ಜಾಗದ್ದು. ಒಬ್ಬರು ಬಾಗಿಲ ಮುಂದೆ ಇಳಿದರು, ಇನ್ನೊಬ್ಬರು ಬಾಗಿಲ ಪಕ್ಕದ ಗೋಡೆಯ ಬುಡದಲ್ಲಿ.

ಬ್ಯಾಂಗಲೋರ್

ಏರಿಯ ಹಿಂದೆ ಸೇರಿದವರಿಗೆ ಸಣ್ಣ ಗುಂಡಿನಿಂದ ಮರೆ ಸಿಕ್ಕಿತು. ಆದರೆ ಮಾರ್ಟರ್ ಬಾಂಬುಗಳು ಮೇಲಿಂದ ಬೀಳುತ್ತಿದ್ದವು, ಬಿದ್ದಾಗ ಆ ಉರುಟುಕಲ್ಲುಗಳೇ ಚೂರಾಗಿ ಸಿಡಿಯುತ್ತಿದ್ದವು. ಬೇರೆ ಬೇರೆ ಕಂಪನಿಗಳ ಜನ ಕಲೆಸಿಹೋಗಿದ್ದರು. ರೈಫಲ್ಲುಗಳಲ್ಲಿ ಮರಳು ತುಂಬಿತ್ತು. ಟ್ಯಾಂಕುಗಳು ಬಂದಿದ್ದರೂ ಉರುಟುಕಲ್ಲಿನ ಮೇಲೆ ಚಕ್ರಪಟ್ಟಿ ಜಾರಿ ಏರಲಾಗದೆ ಮರಳಲ್ಲೇ ನಿಂತು ಗುಂಡು ಹಾರಿಸುತ್ತಿದ್ದವು. ಅಷ್ಟು ಜನ ಸೇರಿದ ಜಾಗದಲ್ಲಿ ಒಬ್ಬ ಏಳುವುದು ಎಷ್ಟು ಕಷ್ಟ ಎಂದು ಯೋಚಿಸಿ. ಎದ್ದರೂ ಎಲ್ಲಿಗೆ ಹೋಗುವುದು? ನಾಲ್ಕು ಹೆಜ್ಜೆಗೆ ಸುರುಳಿ ಮುಳ್ಳುತಂತಿ.

ಅದನ್ನು ಸೀಳಲು ಅವರ ಬಳಿ ಇದ್ದದ್ದು ಒಂದು ಪೈಪು. ಸುಮಾರು ಒಂದೂವರೆ ಮೀಟರ್ ಉದ್ದದ ಉಕ್ಕಿನ ಕೊಳವೆ, ಒಳಗೆ ಸ್ಫೋಟಕ ತುಂಬಿರುತ್ತದೆ. ಒಂದರ ತುದಿಗೆ ಇನ್ನೊಂದನ್ನು ಸಿಕ್ಕಿಸುತ್ತಾ ಬೇಕಾದಷ್ಟು ಉದ್ದ ಮಾಡಬಹುದು. ಮುಂದಿನ ತುದಿಗೆ ಮೊಂಡಾದ ಮೂತಿ ಇರುತ್ತದೆ, ಕಲ್ಲಿಗೆ ಕಡ್ಡಿಗೆ ಸಿಕ್ಕಿಕೊಳ್ಳದಿರಲಿ ಎಂದು. ಮಲಗಿಕೊಂಡೇ ಅದನ್ನು ತಂತಿಯ ಅಡಿಗೆ ತಳ್ಳಬೇಕು. ಬತ್ತಿ ಹಚ್ಚಿ ಹಿಂದೆ ಸರಿಯಬೇಕು. ಸಿಡಿದಾಗ ತಂತಿ ಎರಡೂ ಕಡೆಗೆ ಹರಿದು ಒಬ್ಬರು ನುಗ್ಗುವಷ್ಟು ದಾರಿಯಾಗುತ್ತದೆ. ದಾರಿಯಲ್ಲಿದ್ದ ಮೈನ್ ಕೂಡ ಕೆಲವೊಮ್ಮೆ ಸಿಡಿದುಹೋಗುತ್ತದೆ.

ಅದರ ಹೆಸರು ಬ್ಯಾಂಗಲೋರ್ ಟಾರ್ಪಿಡೊ. ಸೈನಿಕರ ಬಾಯಲ್ಲಿ ಬರೀ 'ಬ್ಯಾಂಗಲೋರ್'. 1912ರಲ್ಲಿ ನಮ್ಮ ಬೆಂಗಳೂರಿನ ದಂಡಿನಲ್ಲಿ, ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್ ಪಡೆಯಲ್ಲಿದ್ದ ಕ್ಯಾಪ್ಟನ್ ಮ್ಯಾಕ್‌ಕ್ಲಿಂಟಾಕ್ ಎಂಬ ಬ್ರಿಟಿಷ್ ಎಂಜಿನಿಯರ್ ಇದನ್ನು ರೂಪಿಸಿದರು. ಹಿಂದಿನ ಯುದ್ಧಗಳಲ್ಲಿ ಉಳಿದುಹೋದ ತಂತಿಬೇಲಿ, ಬಲೆಗಳನ್ನು ದೂರದಿಂದಲೇ ಸಿಡಿಸುವುದು ಮೊದಲ ಉದ್ದೇಶ. ಎರಡೇ ವರ್ಷಕ್ಕೆ ಮೊದಲ ಮಹಾಯುದ್ಧ ಬಂತು, ಕಂದಕಗಳ ಮುಂದಿನ ತಂತಿ ಸೀಳಲು ಇದು ಬೇಕಾಯಿತು. ಆ ಪಡೆ ಇಂದಿಗೂ ಹಲಸೂರು ಕೆರೆಯ ಪಕ್ಕದಲ್ಲಿದೆ, ಈಗ ಮದ್ರಾಸ್ ಎಂಜಿನಿಯರ್ ಗ್ರೂಪ್ ಎಂಬ ಹೆಸರಿನಲ್ಲಿ. ವರ್ಜೀನಿಯಾದಿಂದ, ಕೆಂಟಕಿಯಿಂದ ಬಂದ ಹುಡುಗರು ಆ ಬೆಳಿಗ್ಗೆ ಪ್ರಾಣ ಉಳಿಸಿಕೊಳ್ಳಲು ನಮ್ಮೂರಿನ ಹೆಸರು ಕೂಗಿದರು. ಆ ಊರು ಎಲ್ಲಿದೆ ಎಂದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ. ಇದನ್ನು ಹೆಮ್ಮೆಯಿಂದ ಹೇಳಬೇಕೋ ಬೇಡವೋ ನನಗೆ ಇಂದಿಗೂ ತೀರ್ಮಾನಕ್ಕೆ ಬರಲಾಗಿಲ್ಲ. ಸಾವಿನ ಸಾಮಾನು ಹೌದು. ಆದರೆ ಅಲ್ಲಿ ಅದು ಕೆಲಸ ಮಾಡಿದ್ದು ಬಾಗಿಲಿಲ್ಲದ ಕಡೆ ಬಾಗಿಲು ತೆರೆಯಲು.

ಈಸಿ ರೆಡ್‌ನ ಕಾಲುದಾರಿ

ಲೆಫ್ಟಿನೆಂಟ್ ಜಾನ್ ಸ್ಪಾಲ್ಡಿಂಗ್ ಅವರ ದೋಣಿ ಪೂರ್ವ ಭಾಗದ ಈಸಿ ರೆಡ್‌ನಲ್ಲಿ ಇಳಿಯಿತು, ಎರಡು ಕೊರಕಲುಗಳ ನಡುವಿನ ಜಾಗದಲ್ಲಿ. ಕೆಂಟಕಿಯವರು, ಯುದ್ಧ ಕಂಡದ್ದು ಅದೇ ಮೊದಲು. ಅವರ ಜೊತೆಗಿದ್ದ ಸಾರ್ಜೆಂಟ್ ಫಿಲಿಪ್ ಸ್ಟ್ರೆಜಿಕ್ ಮಾತ್ರ ಉತ್ತರ ಆಫ್ರಿಕಾ, ಸಿಸಿಲಿಯಲ್ಲಿ ಇಳಿದು ಬಂದ ಹಳೆಯ ಹುಲಿ. ಈ ಜೋಡಿಯೇ ನನಗೆ ಈ ಪ್ರಕರಣದ ಜೀವಾಳ ಅನ್ನಿಸುತ್ತದೆ.

ಕತ್ತಿನವರೆಗಿನ ನೀರಿನಲ್ಲಿ ಬರುವಾಗಲೇ ಅವರು ಭಾರದ ಆಯುಧಗಳಲ್ಲಿ ಹಲವನ್ನು ಕಳೆದುಕೊಂಡರು. ಆದರೆ ಒಂದು ಬ್ಯಾಂಗಲೋರ್ ಉಳಿದಿತ್ತು. ಅದರಿಂದ ತಂತಿಯಲ್ಲಿ ಒಂದು ಕಂಡಿ ಮಾಡಿದರು. ಪಾಳುಬಿದ್ದ ಮನೆಯೊಂದರ ಗೋಡೆಯ ಬಳಿ ಸೇರಿದರು. ಎದುರಿಗೆ ಗುಡ್ಡ. ಕೊರಕಲಿಗೆ ಹೋಗಬೇಕೆಂದು ಆಜ್ಞೆ, ಆದರೆ ಕೊರಕಲಿನಿಂದಲೇ ಗುಂಡು ಬರುತ್ತಿದೆ. ನಡುವಿನ ಇಳಿಜಾರಿನಲ್ಲಿ ಸಣ್ಣ ತಗ್ಗು ದಾರಿಯೊಂದು ಕಂಡಿತು. ಸ್ಟ್ರೆಜಿಕ್ ಮುಂದೆ ಹೋದರು. ಒಬ್ಬರ ಹೆಜ್ಜೆಯ ಮೇಲೆ ಇನ್ನೊಬ್ಬರು ಹೆಜ್ಜೆ ಇಡುತ್ತಾ ಮೈನ್ ತುಂಬಿದ ಗುಡ್ಡ ಹತ್ತಿದರು.

ದಾರಿಯಲ್ಲಿ ಒಂದು ಮೆಷಿನ್ ಗನ್ ಗುಂಡಿಗೆ ನುಗ್ಗಿದರು. ಒಳಗಿದ್ದವನು ಕೈ ಎತ್ತಿದ. ಜರ್ಮನ್ ಸೇನೆಗೆ ಸೇರಿಸಲಾಗಿದ್ದ ಪೋಲಿಷ್ ಮನುಷ್ಯ. ಸ್ಟ್ರೆಜಿಕ್‌ಗೆ ಪೋಲಿಷ್ ಬರುತ್ತಿತ್ತು. ಸುತ್ತ ಎಷ್ಟು ಜನ ಇದ್ದಾರೆ ಎಂದು ಅವನ ಬಾಯಿಂದಲೇ ತಿಳಿದುಕೊಂಡರು. ಮೇಲೆ ಹತ್ತಿದ ಮೇಲೆ ಪಶ್ಚಿಮಕ್ಕೆ ತಿರುಗಿ, ಕೊರಕಲನ್ನು ಕಾಯುತ್ತಿದ್ದ ಕೋಟೆಯ ಮೇಲೆ ಹಿಂಬದಿಯಿಂದ ಬಿದ್ದರು. ಅದರ ಬಂದೂಕುಗಳೆಲ್ಲ ಸಮುದ್ರ ಮತ್ತು ದಡದ ಕಡೆ ಮುಖ ಮಾಡಿದ್ದವು. ಬೆನ್ನಿಗೆ ಬಂದ ಮೂವತ್ತಕ್ಕಿಂತ ಕಡಿಮೆ ಜನರನ್ನು ತಡೆಯಲು ಅದಕ್ಕೆ ಆಗಲಿಲ್ಲ.

ಅದೇ ಸುಮಾರಿಗೆ ಹತ್ತಿರದಲ್ಲೇ ಕ್ಯಾಪ್ಟನ್ ಜೋ ಡಾಸನ್ ಅವರ ಜಿ ಕಂಪನಿಯೂ ಬ್ಯಾಂಗಲೋರ್ ಸಿಡಿಸಿ ಗುಡ್ಡ ಹತ್ತಿತು. ಎಂಟು ಗಂಟೆ ದಾಟಿದ ಮೇಲೆ ಇಳಿದ 16ನೇ ರೆಜಿಮೆಂಟಿನ ಕರ್ನಲ್ ಜಾರ್ಜ್ ಟೇಲರ್, ಏರಿಯ ಹಿಂದೆ ಮಲಗಿದ್ದವರನ್ನು ನೋಡಿ, ಈ ಬೀಚಿನಲ್ಲಿ ಉಳಿಯುವವರು ಎರಡೇ ಬಗೆ, ಸತ್ತವರು ಮತ್ತು ಸಾಯಲಿರುವವರು, ನಡೆಯಿರಿ ಇಲ್ಲಿಂದ ಎಂದು ಕೂಗಿದರು. ಈ ಮಾತು ಬಹಳ ಪ್ರಸಿದ್ಧ. ಆದರೆ ಗಮನಿಸಿ, ಅವರು ಅದನ್ನು ಕೂಗುವ ಮುಂಚೆಯೇ ಒಬ್ಬ ಹೊಸ ಲೆಫ್ಟಿನೆಂಟು ಮತ್ತು ಒಬ್ಬ ಸಾರ್ಜೆಂಟು ಹೊರಟಾಗಿತ್ತು. ಯಾರೂ ಅವರಿಗೆ ಹೇಳಿರಲಿಲ್ಲ. ಕರ್ನಲ್ ಮಾತಿಗೆ ಬಲ ಬಂದದ್ದು, ಹತ್ತಲು ಆಗುತ್ತದೆ ಎಂಬುದು ಆಗಲೇ ಕಣ್ಣಿಗೆ ಕಾಣುತ್ತಿದ್ದುದರಿಂದ ಕೂಡ ಅಲ್ವಾ?

ಡಾಗ್ ವೈಟ್

ಪಶ್ಚಿಮದಲ್ಲಿ ಕೋಟಾ ಇಳಿದದ್ದು ಸುಮಾರು 7:30ಕ್ಕೆ. ಜೊತೆಗೆ 116ನೇ ರೆಜಿಮೆಂಟಿನ ಕರ್ನಲ್ ಚಾರ್ಲ್ಸ್ ಕ್ಯಾನ್‌ಹ್ಯಾಮ್. ಕ್ಯಾನ್‌ಹ್ಯಾಮ್ ಮಣಿಕಟ್ಟಿಗೆ ಗುಂಡು ತಗಲಿದರೂ ಹಿಂದಕ್ಕೆ ಹೋಗಲು ಒಪ್ಪಲಿಲ್ಲ. ಡಾಗ್ ವೈಟ್ ಕೂಡ ಎರಡು ಕೊರಕಲುಗಳ ನಡುವೆಯೇ ಇದೆ. ಅಲ್ಲಿ ಹುಲ್ಲಿಗೆ ಬೆಂಕಿ ಬಿದ್ದು ಹೊಗೆ ಕವಿದಿತ್ತು. ಮರದ ತಡೆಗೋಡೆಯ ಮರೆ ಇತ್ತು. ಸಿ ಕಂಪನಿ ಅಲ್ಲಿಗೆ ಹೆಚ್ಚು ಸಾವಿಲ್ಲದೆ ಬಂದು ಸೇರಿತ್ತು.

ಇನ್ನೊಂದು ನಿರ್ಧಾರವೂ ಅಷ್ಟೇ ಮುಖ್ಯ. ವಿಶೇಷ ತರಬೇತಿ ಪಡೆದ ರೇಂಜರ್ ಪಡೆಯ ಲೆಫ್ಟಿನೆಂಟ್ ಕರ್ನಲ್ ಮ್ಯಾಕ್ಸ್ ಶ್ನೈಡರ್ ವಿಯರ್ವಿಲ್ ಎದುರೇ ಇಳಿಯಬೇಕಿತ್ತು. ಡಾಗ್ ಗ್ರೀನ್‌ನಲ್ಲಿ ನಡೆಯುತ್ತಿದ್ದುದನ್ನು ದೋಣಿಯಿಂದಲೇ ನೋಡಿದರು. ಉಳಿದ ದೋಣಿಗಳನ್ನು ಪೂರ್ವಕ್ಕೆ ತಿರುಗಿಸಿದರು. ಅವರ 5ನೇ ಬೆಟಾಲಿಯನ್ ಕೈಬೆರಳೆಣಿಕೆಯಷ್ಟು ನಷ್ಟದಲ್ಲಿ ಗೋಡೆಯ ಮರೆ ಸೇರಿತು. ಆಜ್ಞೆ ಮೀರಿದರು ಎನ್ನಿ, ಬುದ್ಧಿ ಉಪಯೋಗಿಸಿದರು ಎನ್ನಿ. ಆ ಕ್ಷಣದಲ್ಲಿ ದೋಣಿ ತಿರುಗಿಸದಿದ್ದರೆ ಇನ್ನೂ ನೂರಾರು ಜನ ಎ ಕಂಪನಿಯ ದಾರಿಯನ್ನೇ ಹಿಡಿಯುತ್ತಿದ್ದರು.

ಕೋಟಾ ಗುಂಡಿನ ನಡುವೆ ನಿಂತೇ ಓಡಾಡಿದರು. 51 ವರ್ಷದ ಮನುಷ್ಯ. ಲಘು ಮೆಷಿನ್ ಗನ್ ಇಡುವ ಜಾಗವನ್ನು ತಾವೇ ತೋರಿಸಿದರು. ದಡದ ಉದ್ದಕ್ಕೂ ಇದ್ದ ರಸ್ತೆಯಾಚೆಯ ತಂತಿಗೆ ಬ್ಯಾಂಗಲೋರ್ ತುರುಕಿಸಿದರು. ತಂತಿ ಸಿಡಿಯಿತು. ಮೊದಲು ನುಗ್ಗಿದ ಸೈನಿಕನಿಗೆ ಮೆಷಿನ್ ಗನ್ನಿನ ಗುಂಡು ಬಿತ್ತು. ಅವನು ವೈದ್ಯರನ್ನು ಕರೆದ, ಆಮೇಲೆ ಅಮ್ಮನನ್ನು ಕರೆಯುತ್ತಾ ಸತ್ತ. ಉಳಿದವರು ನಿಂತುಬಿಟ್ಟರು. ಆಗ ಕೋಟಾ ತಾವೇ ಆ ಕಂಡಿಯ ಮೂಲಕ ಓಡಿದರು. ಅವರ ಹಿಂದೆ ಇತರರು ಹೊರಟರು. ರೇಂಜರುಗಳೂ ಪಕ್ಕದಲ್ಲಿ ತಮ್ಮ ಬ್ಯಾಂಗಲೋರುಗಳನ್ನು ಸಿಡಿಸಿ ಹೊಗೆಯೊಳಗೆ ಹತ್ತಿದರು. ಹತ್ತು ಗಂಟೆಯ ಹೊತ್ತಿಗೆ ಕೋಟಾ ವಿಯರ್ವಿಲ್ ಹಳ್ಳಿಯ ಬೀದಿಯಲ್ಲಿದ್ದರು.

ನೀರಿನ ಕಡೆಯಿಂದ ಬಂದ ನೆರವು

ಇವರಷ್ಟೇ ಎಲ್ಲವನ್ನೂ ಮಾಡಿದರು ಎಂದರೆ ತಪ್ಪಾಗುತ್ತದೆ. ದೊಡ್ಡ ಯುದ್ಧನೌಕೆಗಳಿಗೆ ದಡದಲ್ಲಿ ತಮ್ಮವರು ಎಲ್ಲಿದ್ದಾರೆಂದೇ ಗೊತ್ತಾಗುತ್ತಿರಲಿಲ್ಲ. ಆಗ ಡಿಸ್ಟ್ರಾಯರ್ ಎಂಬ ಚಿಕ್ಕ ಯುದ್ಧನೌಕೆಗಳು ತಳ ತಾಗುವ ಭಯವನ್ನೂ ಲೆಕ್ಕಿಸದೆ ದಡದ ಸಮೀಪಕ್ಕೆ, ಒಂದು ಕಿಲೋಮೀಟರಿನ ಒಳಗೆ ನುಗ್ಗಿದವು. ಕಾರ್ಮಿಕ್ ಎಂಬ ನೌಕೆಗೆ ದಡದವರೊಡನೆ ರೇಡಿಯೋ ಸಂಪರ್ಕ ಇರಲಿಲ್ಲ. ಅದರವರು ಒಂದು ಉಪಾಯ ಕಂಡುಕೊಂಡರು. ಮರಳಲ್ಲಿ ಸಿಕ್ಕಿಕೊಂಡ ಟ್ಯಾಂಕು ಗುಡ್ಡದ ಯಾವ ಕಡೆ ಹೊಡೆಯುತ್ತದೋ ನೋಡಿ, ಅದೇ ಗುರಿಗೆ ತಮ್ಮ ಫಿರಂಗಿ ತಿರುಗಿಸಿದರು. ಟ್ಯಾಂಕಿನವರಿಗೂ ಇದು ಅರ್ಥವಾಯಿತು. ಒಂದು ಗುಂಡು ಹೊಡೆದು ಬೆರಳು ತೋರಿಸಿದ ಹಾಗೆ.

ಇನ್ನೂ ಪೂರ್ವಕ್ಕೆ, ಲೆಫ್ಟಿನೆಂಟ್ ಜಿಮ್ಮಿ ಮಾಂಟೀತ್ ಎರಡು ಟ್ಯಾಂಕುಗಳ ಮುಂದೆ ಕಾಲ್ನಡಿಗೆಯಲ್ಲೇ ಹೋಗಿ ಮೈನ್ ಬಯಲಿನ ಮೂಲಕ ಅವನ್ನು ನಡೆಸಿದರು. ಗುಡ್ಡದ ಮೇಲಿನ ಹೋರಾಟದಲ್ಲಿ ಸತ್ತರು. ಕೆಳಗೆ ದಡದಲ್ಲಿ, ಶತ್ರು ವಿಮಾನ ತಡೆಯುವ ಬಲೂನುಗಳನ್ನು ಹಾರಿಸುವ 320ನೇ ಬೆಟಾಲಿಯನ್ನಿನ ವೇವರ್ಲಿ ವುಡ್ಸನ್ ಎಂಬ ಕಪ್ಪುವರ್ಣೀಯ ವೈದ್ಯಕೀಯ ಸಹಾಯಕ, ತಾನೇ ಗಾಯಗೊಂಡಿದ್ದರೂ, ಸುಮಾರು 30 ಗಂಟೆ ಎಡೆಬಿಡದೆ ಗಾಯಾಳುಗಳನ್ನು ನೋಡಿಕೊಂಡರು. ಅವರಿಗೆ ಸಲ್ಲಬೇಕಾದ ದೊಡ್ಡ ಪದಕ ಸಿಕ್ಕಿದ್ದು 2024ರಲ್ಲಿ, ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ.

ಸಮುದ್ರದಲ್ಲಿ ಅಗಸ್ಟಾ ಹಡಗಿನ ಮೇಲಿದ್ದ ಜನರಲ್ ಒಮರ್ ಬ್ರಾಡ್ಲಿಗೆ ಇದ್ಯಾವುದೂ ತಿಳಿದಿರಲಿಲ್ಲ. ಉಳಿದ ಪಡೆಗಳನ್ನು ಬೇರೆ ಬೀಚಿಗೆ ತಿರುಗಿಸೋಣವೇ ಎಂದು ಅವರು ಯೋಚಿಸುತ್ತಿದ್ದ ಹೊತ್ತಿನಲ್ಲೇ ಇವರು ಗುಡ್ಡದ ಮೇಲಿದ್ದರು. ಗುಡ್ಡದ ಮೇಲೆ ಹತ್ತುತ್ತಿದ್ದಾರೆ ಎಂಬ ಭರವಸೆಯ ಸುದ್ದಿ ಅವರಿಗೆ ಮುಟ್ಟಿದ್ದು ಮಧ್ಯಾಹ್ನ ಒಂದೂವರೆಗೆ. ಜರ್ಮನ್ ಕಡೆಯೂ ಇದೇ ಕಥೆ. ದಾಳಿ ಮುರಿದುಬಿತ್ತು ಎಂದು ಬೆಳಿಗ್ಗೆ ಬಂದ ವರದಿ ನಂಬಿ 352ನೇ ಡಿವಿಷನ್ನಿನ ಜನರಲ್ ಕ್ರೈಸ್ ಮೀಸಲು ಪಡೆಯನ್ನು ಬ್ರಿಟಿಷರ ಕಡೆಗೆ ಕಳುಹಿಸಿದರು. ಹೊಗೆಯೊಳಗೆ ನಡೆದದ್ದು ಎರಡೂ ಕಡೆಯ ದೊಡ್ಡವರ ಕಣ್ಣಿಗೆ ಬೀಳಲಿಲ್ಲ.

ಸಂಜೆಯ ಹೊತ್ತಿಗೆ ಸುಮಾರು 34,000 ಜನ ದಡ ಸೇರಿದ್ದರು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಅಮೆರಿಕನ್ನರ ನಷ್ಟ 2,000ಕ್ಕೂ ಜಾಸ್ತಿ. ಅಂದು ಇಳಿಸಬೇಕಿದ್ದ 2,400 ಟನ್ ಸಾಮಾನಿನಲ್ಲಿ ಬಂದದ್ದು 100 ಟನ್ನಿನಷ್ಟು. ಹೆಚ್ಚಿನ ಕಡೆ ಒಳಕ್ಕೆ ಹೋಗಿದ್ದು ಎರಡು ಕಿಲೋಮೀಟರಿಗಿಂತ ಕಡಿಮೆ.

ಒಳಗಿನಿಂದ ಇಳಿದವರು

ವಿಯರ್ವಿಲ್ ಹಳ್ಳಿ ಕೈಗೆ ಬಂದರೂ ಕೊರಕಲು ಇನ್ನೂ ಮುಚ್ಚಿತ್ತು. ಮಧ್ಯಾಹ್ನದ ಹೊತ್ತಿಗೆ ಟೆಕ್ಸಾಸ್ ನೌಕೆ ಅದರೊಳಗೆ ದೊಡ್ಡ ಗುಂಡುಗಳನ್ನು ಹಾರಿಸಿತು. ಹಳ್ಳಿಯ ನೆಲವೇ ನಡುಗಿತು. ಆಮೇಲೆ ಕೋಟಾ ನಾಲ್ಕಾರು ಜನರನ್ನು ಕಟ್ಟಿಕೊಂಡು, ಕೊರಕಲು ಯಾಕೆ ತೆರೆದಿಲ್ಲ ನೋಡೋಣ ಎಂದು ಮೇಲಿಂದ ಕೆಳಕ್ಕೆ ನಡೆದರು. ದಾರಿಯಲ್ಲಿ ಸಿಕ್ಕ ಜರ್ಮನ್ ಸೈನಿಕರು ಶರಣಾದರು. ಮೈನ್ ಎಲ್ಲಿದೆ ಎಂದು ಗೊತ್ತಿದ್ದ ಅವರನ್ನೇ ಮುಂದೆ ನಡೆಸಿಕೊಂಡು ಇಳಿದರು.

ಬೆಳಿಗ್ಗೆ 6:30ಕ್ಕೆ ಎ ಕಂಪನಿ ಹೊರಗಿನಿಂದ ಒಡೆಯಬೇಕಿದ್ದ ಬಾಗಿಲು ಅದು. ಅದರೊಳಗಿನಿಂದ ಅವರ ಜನರಲ್ ಸಮುದ್ರದ ಕಡೆಗೆ ನಡೆದು ಬಂದರು. ಕೊರಕಲಿನ ಬಾಯಿಗೆ ಅಡ್ಡಲಾಗಿ ದಪ್ಪ ಕಾಂಕ್ರೀಟ್ ಗೋಡೆ ಇನ್ನೂ ನಿಂತಿತ್ತು. ಅದರಾಚೆ ಡಾಗ್ ಗ್ರೀನ್. ಬೆಡ್‌ಫರ್ಡಿನ ಹುಡುಗರು ಇನ್ನೂ ಅಲ್ಲೇ ಇದ್ದರು.

ಕೋಟಾ ದಡದ ಉದ್ದಕ್ಕೂ ಪೂರ್ವಕ್ಕೆ ನಡೆದರು. ಒಂದು ಕಡೆ ಸ್ಫೋಟಕ ಹೇರಿಕೊಂಡ ಬುಲ್ಡೋಜರ್ ನಿಂತಿತ್ತು. ಆ ಗೋಡೆ ಒಡೆಯಲು ಇದು ಬೇಕು, ಇದನ್ನು ಯಾರು ಓಡಿಸುತ್ತೀರಿ ಎಂದು ಕೇಳಿದರು. ಯಾರೂ ಮಾತಾಡಲಿಲ್ಲ. ಧೈರ್ಯ ಇರುವವರು ಒಬ್ಬರೂ ಇಲ್ಲವೇ ಎಂದು ಮತ್ತೆ ಕೇಳಿದರು. ಕೆಂಪು ಕೂದಲಿನ ಸೈನಿಕನೊಬ್ಬ ಮೆಲ್ಲಗೆ ಎದ್ದು ಬಂದು ಸೀಟಿನ ಮೇಲೆ ಹತ್ತಿ ಕೂತ.